ಹ್ಞೂಂ ಅನ್ನದ ಸೊಸೆ

ಕಾರಟಗಿಯ ಶೇಖರಮ್ಮ ಹುಟ್ಟಿದಾಗಿನಿಂದ ಯಾರಿಗೂ ನೇರವಾಗಿ ‘ಬೇಡ’ ಅಂದವಳಲ್ಲ. ಬೇಡ ಅನ್ನಬೇಕಿದ್ದರೆ ಒಂದು ಕಥೆ ಹೇಳುತ್ತಿದ್ದಳು. ಗಂಡ ವಿರೂಪಾಕ್ಷಪ್ಪ ಮೋಟರ್‌ಸೈಕಲ್ ಕೊಳ್ಳುತ್ತೇನೆಂದಾಗ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡ ರಾಜನ ಕಥೆ ಹೇಳಿದಳು. ಪಾಪ, ಆತ ಇವತ್ತಿಗೂ ಅಕ್ಕಿ ಗಿರಣಿಗೆ ನಡೆದೇ ಹೋಗುತ್ತಾನೆ.

ಆ ಮನೆಯಲ್ಲಿ ಕಥೆಗೊಂದು ಕಾಯಿದೆ ಇತ್ತು. ಯಾರಿಗಾಗಿ ಕಥೆ ಹೇಳುತ್ತಾರೋ ಅವರು ಮಾತುಮಾತಿಗೆ ‘ಹ್ಞೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಕೊನೆಯವರೆಗೂ ಅಂದರೆ ಕಥೆ ಹೇಳಿದಂತೆ ನಡೆಯಲು ಒಪ್ಪಿದಂತೆ.

ಇಂಥ ಮನೆಗೆ ಸೊಸೆಯಾಗಿ ಬಂದ ಅಮೃತಾಳಿಗೆ ಗಂಗಾವತಿಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕಿತ್ತು. ಗಂಡ ಹಾಲೇಶನನ್ನು ಕೇಳಿದರೆ ಅವ್ವನನ್ನು ಕೇಳು ಅಂದ. ಆ ಪುಣ್ಯಾತ್ಮನಿಗೆ ಸೀನುವುದಕ್ಕೂ ಅವ್ವನ ಅಪ್ಪಣೆ ಬೇಕು. ಗುರುವಾರ ಸಂಜೆ ಅಕ್ಕಿ ಹಸನು ಮಾಡುತ್ತಾ ಅಮೃತಾ ಮೆಲ್ಲಗೆ ವಿಷಯ ತೆಗೆದಳು. ಶೇಖರಮ್ಮ ಮೊರ ಕೆಳಗಿಟ್ಟು, “ಒಂದೂರಾಗ ಏಳು ಮಂದಿ ಸೊಸ್ತ್ಯಾರು ಇದ್ರಂತ” ಎಂದು ಶುರು ಮಾಡಿದಳು.

ಮೊದಲಿನ ಆರು ಮಂದಿ ಅಪ್ಪಟ ಬಂಗಾರ. ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ತಂಗಳುಂಡು ನಗುವುದೊಂದೇ ಗೊತ್ತು. ಅಮೃತಾ ಹಲ್ಲು ಕಚ್ಚಿಕೊಂಡು ಹ್ಞೂಂ ಅಂದಳು. ಕಿರಿಯವಳಿಗೆ ಮಾತ್ರ ಹೊರಗೆ ಹೋಗುವ ಚಟ. ಹೊಸ್ತಿಲಾಚೆ ಒಂದು ಹುಲಿ ಬಾಯಿ ತೆರೆದು ಕೂತಿತ್ತು. ಅವಳು ಒಂದು ಕಾಲು ಹೊರಗಿಟ್ಟಳು.

ಅಮೃತಾ ಬಾಯಿ ಬಿಡಲಿಲ್ಲ. ಶೇಖರಮ್ಮ ಕಥೆಯ ಕಿರಿಯವಳ ಕಾಲನ್ನು ಮತ್ತೊಮ್ಮೆ ಹೊರಗಿಡಿಸಿದಳು. ಅಮೃತಾ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾ ಕೂತಳೇ ಹೊರತು ಹ್ಞೂಂ ಇಲ್ಲ, ಹ್ಞಾಂ ಇಲ್ಲ.

ಅರ್ಧಕ್ಕೆ ನಿಂತ ಕಥೆ ಹೇಳಿದವರ ಹೊಟ್ಟೆಯೊಳಗೇ ಗುದ್ದಾಡುತ್ತದಂತೆ. ಮರುದಿನ ಶೇಖರಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು, ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಶಾಹಜಾದಬಿ, ತಾನೇ ಹ್ಞೂಂ ಅಂದುಬಿಡುತ್ತೇನೆ ಎಂದಳು. ಅದು ನಡೆಯುವುದಿಲ್ಲವೆಂದು ಶೇಖರಮ್ಮ ಗದರಿದಳು. ವಿರೂಪಾಕ್ಷಪ್ಪನಿಗೆ ಹುಲಿಯದೇ ಚಿಂತೆ. ನಿನ್ನೆಯಿಂದ ಬಾಯಿ ತೆರೆದೇ ಕೂತಿದೆ, ದವಡೆ ಹಿಡಿದುಕೊಂಡರೆ ಗತಿಯೇನು ಎಂದು ಗಿರಣಿಯಲ್ಲಿ ಹೇಳಿಕೊಂಡ. ಹಮಾಲರಲ್ಲಿ ಎರಡು ಪಾರ್ಟಿಯಾದವು, ಒಂದು ಹುಲಿಯದು, ಒಂದು ಸೊಸೆಯದು.

ಭಾನುವಾರ ಸಂಜೆ ಶೇಖರಮ್ಮನೇ ಸೋತು ಸೊಸೆಯ ಎದುರು ಬಂದು ಕೂತಳು. ಇಷ್ಟು ದಿನ ಹಿಡಿದಿಟ್ಟ ಮಾತು ಅಮೃತಾಳ ಬಾಯಿಂದ ಹೊರಬಿತ್ತು.

“ಅತ್ತಿ, ಆ ಹುಲೀನ ನೀವು ಯಾವತ್ತರ ನೋಡೀರೇನ್ರಿ?”

ಶೇಖರಮ್ಮ ಸೆರಗಿನ ಅಂಚು ತಿರುವುತ್ತಾ ಅಂದಳು: “ನಾ ಎಲ್ಲಿ ನೋಡ್ಲವಾ. ನಮ್ಮತ್ತಿ ಹೇಳಿದ್ಲು. ನನಗ ಆವಾಗ ಅಂಗನವಾಡ್ಯಾಗ ಕೆಲಸ ಬಂದಿತ್ತು. ಹ್ಞೂಂ ಅಂದುಬಿಟ್ಟೆ.”

ಅಮೃತಾಳಿಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಶೇಖರಮ್ಮ ಒಮ್ಮೆಲೇ ನೆಟ್ಟಗೆ ಕೂತು, ನಿಂತ ಕಥೆಯನ್ನು ಮುಂದುವರಿಸಿದಳು.

“ಅಷ್ಟರಾಗ ಒಳಗಿಂದ ಅತ್ತಿ ಕಸಬರಿಗಿ ಹಿಡಕೊಂಡು ಬಂದ್ಲು. ಹುಲಿ ಬಾಲ ಮುದುರಿಕೊಂಡು ಓಡಿಹೋತು.”

“ಹ್ಞೂಂ” ಅಂದಳು ಅಮೃತಾ, ಓಣಿಯ ತುದಿಗೆ ಕೇಳುವಂತೆ.

“ಸೊಸಿ ಮುಂಜಾನಿ ಎಂಟರ ಬಸ್ಸಿಗೆ ಗಂಗಾವತಿಗೆ ಹೋದ್ಲು.”

“ಹ್ಞೂಂ.”

“ಸಂಜಿಗೆ ತಿರುಗಿ ಬಂದು, ಮನಿ ಮಂದಿಗೆಲ್ಲ ಚಾ ಮಾಡಿ, ರೊಟ್ಟಿ ಬಡದ್ಲು.”

ಅಮೃತಾ ಮತ್ತೆ ಬಾಯಿ ಮುಚ್ಚಿದಳು. ಕಥೆ ಮತ್ತೆ ನಿಂತಿತು. ಪಕ್ಕದಲ್ಲೇ ಕೂತು ಕೇಳುತ್ತಿದ್ದ ವಿರೂಪಾಕ್ಷಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. ಶೇಖರಮ್ಮ ಸೊಸೆಯನ್ನೊಮ್ಮೆ ನೋಡಿದಳು, ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಮಗನನ್ನೊಮ್ಮೆ ನೋಡಿದಳು.

“ಚಾ ಮಗ ಮಾಡಿದ” ಅಂದಳು.

ಮನೆಮಂದಿಯೆಲ್ಲ ಹಾಲೇಶನ ಕಡೆ ತಿರುಗಿದರು. ಅವನು ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮೊಬೈಲನ್ನು ಜೇಬಿಗಿಟ್ಟ.

“ಹ್ಞೂಂ” ಅಂದ.