ಅಳಿಸಿದ ಉತ್ತರ

ಫ್ಯಾನು ತಿರುಗಿದಂತೆಲ್ಲ ಪರದೆಯ ಮೇಲೊಂದು ಗೆರೆ ಓಡುತ್ತಿದೆ, ಗೆರೆಯೋ ನನ್ನ ಕಣ್ಣೋ, ಹುಮನಾಬಾದಿನ ಈ ಸೈಬರ್ ಕೆಫೆಯಲ್ಲಿ ಎಲ್ಲವೂ ತಿರುಗುತ್ತದೆ, ಪುಟವೊಂದು ತೆರೆಯುವುದು ಮಾತ್ರ ನಿಧಾನ — ತೆರೆಯಿತು, ಇಲ್ಲ, ಪ್ರೋಗ್ರಾಮ್ ಬರೆಯುವವರ ಫೋರಂನಲ್ಲಿ ನಿನ್ನೆ ನಾನು ಬರೆದ ಉತ್ತರವಿದ್ದ ಜಾಗ ಖಾಲಿ, ಅಲ್ಲಿನವರ ನಗು ಮಾತ್ರ ಉಳಿದಿದೆ. ಯಾವನೋ ಹುಡುಗ ಕೇಳಿದ್ದ, ನನ್ನ ಪ್ರೋಗ್ರಾಮ್ ಶುರುವಾದರೆ ನಿಲ್ಲುವುದೇ ಇಲ್ಲ, ಪರೀಕ್ಷೆಗೆ ತೋರಿಸಬೇಕು, ಯಾರಾದರೂ ಹೇಳಿ. ಯಾರೂ ಹೇಳಲಿಲ್ಲ. ನನಗೂ ಅದೇ ಆಗಿತ್ತು, ಕ್ಲಾಸಿನ ಕಂಪ್ಯೂಟರು ಒಂದೇ ಸಾಲನ್ನು ಕಕ್ಕುತ್ತ ಕೂತಾಗ ಸರ್ ಗಾಬರಿಯಾಗಿ ವೈರನ್ನೇ ಕಿತ್ತಿದ್ದರು. ಅದಕ್ಕೇ ಬರೆದೆ, ನಮ್ಮ ಕಡೆ ದೊಡ್ಡವರ ನಡುವೆ ಬಾಯಿ ತೆರೆಯುವ ಹಾಗೆ, ಹಿರಿಯರಿಗೆಲ್ಲ ನಮಸ್ಕಾರ, ನಾನಿನ್ನೂ ಕಲಿಯುವವಳು, ತಪ್ಪಿದ್ದರೆ ತಿದ್ದಬೇಕು — ಬಸವಕಲ್ಯಾಣದಿಂದ ಬರುವ ಬಸ್ಸಿನಲ್ಲಿ ದಾರಿಯುದ್ದ ಜೋಡಿಸಿಕೊಂಡ ಇಂಗ್ಲಿಷಿನಲ್ಲಿ. ಆ ನಮಸ್ಕಾರವನ್ನೇ ಹಿಡಿದು ಆಡಿಕೊಂಡರು. ಉತ್ತರ ಅಳಿಸಿದ ಅಲ್ಲಿನ ದೊಡ್ಡ ಮನುಷ್ಯನ ದನಿ ನಾನು ಕೇಳಿಲ್ಲ, ನಮ್ಮ ಕಂಡಕ್ಟರನ ದನಿ ಹಾಕಿ ಓದುತ್ತೇನೆ, ಏ ತಂಗಿ, ಟಿಕೀಟ್ ತಗಸಲಾರದ ಡ್ರೈವರ್ ಸೀಟಿನ್ಯಾಗ ಯಾಕ ಕುಂತಿ, ಇಳಿ ಇಳಿ, ಮೊದಲ ನೀ ಕಲಿ, ಆಮ್ಯಾಗ ಮಂದಿಗೆ ಕಲಸು — ಇಡೀ ಕಾಲೇಜನ್ನು ಇಂಥ ದನಿಗಳಿಂದ ನಗಿಸಿದವಳು ನಾನು, ಈಗ ನನಗೇ ನಗು ಬರುತ್ತಿಲ್ಲ. ಒಂದು ಸಾಲು ತಪ್ಪಿತ್ತು, ಹೌದು, ಆ ಸಾಲನ್ನು ತೋರಿಸಿದ್ದರೆ ಸಾಕಿತ್ತು, ಇಡೀ ಉತ್ತರವನ್ನೇ ಚೆಲ್ಲಿಬಿಟ್ಟರು. ಅವ್ವನಿಗೆ ಎಷ್ಟು ಜಂಬದಿಂದ ಹೇಳಿದ್ದೆ, ಅಲ್ಲಿ ಯಾರೂ ಓಣಿ ಕೇಳಂಗಿಲ್ಲವ್ವಾ, ಯಾರ ಕೈಯಾಂದಾದ್ರೂ ತೊಗೋತಾರ. ಖರೇ ಏನ್ ಬೇ, ಅಂದಿದ್ದಳು ನಮ್ಮವ್ವ ಕಾಂತಾಬಾಯಿ, ಅವಳಿಗೆ ಗೊತ್ತು, ಒಮ್ಮೆ ಕೊಹಿನೂರು ಹಳ್ಳಿಯ ಹೊಲದ ಬದುವಿನಲ್ಲಿ ಬಿಸಿಲಿಗೆ ಬಳಲಿ ಕೂತವನೊಬ್ಬನಿಗೆ ತಂಬಿಗೆ ಕೊಟ್ಟಿದ್ದಳು, ನಮ್ಮಲ್ಲಿ ಮೊದಲು ನೀರು, ಆಮೇಲೆ ಹೆಸರು, ಅವನು ತಂಬಿಗೆ ಕೈಯಲ್ಲಿ ಹಿಡಿದೇ ಕೇಳಿದ, ಯಾರ ಪೈಕಿ ನೀ? ನಮ್ಮ ಓಣಿ ಹೇಳಿದಳು. ತಂಬಿಗೆ ಬೋರಲು ಮಾಡಿದ. ಕುಡಿಯದಿದ್ದರೆ ಹಾಗೇ ವಾಪಸ್ ಕೊಡಬಹುದಿತ್ತು — ಏ ರತ್ನಮಾಲಾ, ಟೈಮ್ ಖತಂ ಆತು ನೋಡವಾ, ಇನ್ನಾ ಕುಂದರ್ತೀ ಏನ್, ಕೆಫೆಯ ಗಯಾಸುದ್ದೀನ್ ಮಾಮೂ. ಒಂದ್ ನಿಮಿಷ ಮಾಮೂ. ಪುಟ ಮತ್ತೆ ತೆರೆಯುತ್ತದೆ, ಹುಡುಗ ಹೊಸದಾಗಿ ಬರೆದಿದ್ದಾನೆ, ಇಲ್ಲಿ ಯಾರೋ ಒಬ್ಬರು ಉತ್ತರ ಬರೆದಿದ್ದರಲ್ಲ, ಅರ್ಧ ಓದಿದ್ದೆ, ಅದೆಲ್ಲಿ ಹೋಯಿತು, ದಯವಿಟ್ಟು ಇನ್ನೊಮ್ಮೆ ಹೇಳಿ. ತಪ್ಪಿದ ಸಾಲೂ ಈಗ ನನಗೆ ಗೊತ್ತು, ಬರೆಯಬಹುದು, ನಮಸ್ಕಾರ ಎಂದು ಬರೆದೆ, ಅಳಿಸಿದೆ, ನಾನಿನ್ನೂ ಕಲಿಯುವವಳು, ಅಳಿಸಿದೆ, ಬಾಯಾರಿದವನೇ ಕೇಳುತ್ತಿದ್ದಾನೆ, ಕೊಡು, ಕೊಡಬಾರದೇನೆ — ಬೆರಳು ಏಳುತ್ತಿಲ್ಲ, ಅವ್ವ ಚಾಚಿದ ಕೈ ಹಾಗೇ ಇದೆ, ಮಣ್ಣು ಇನ್ನೂ ನೀರು ಹೀರಿಲ್ಲ, ಬೋರಲಾದ ತಂಬಿಗೆ, ಅದರ ಅಂಚಿನಲ್ಲಿ ಒಂದು ಹನಿ, ಬೋರಲಾದ ತಂಬಿಗೆ