ಕಾವಲುಗಾರನ ಹೆಂಡತಿಯ ಮಾತು

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಎಂದಿನಂತೆ ನಿಘಂಟು ಕಚೇರಿಗೆ ಹೊರಟಳು.

"ಇನ್ನೆರಡು ದಿನ ಬಿಟ್ಟು ಹೋಗಬಹುದಿತ್ತಲ್ಲೇ," ಎಂದರು ಅತ್ತೆ.

"ಮನೇಲಿ ಕೂತು ಏನ್ಮಾಡ್ಲಿ ಅತ್ತೆ?"

ಅಳು ಬರುತ್ತಿರಲಿಲ್ಲ. ಬಂದಿದ್ದರೆ ಅತ್ತೆಗಾದರೂ ಸಮಾಧಾನವಾಗುತ್ತಿತ್ತು.

ಯಾವ ಪದ ಮೊದಲು ಯಾವಾಗ, ಎಲ್ಲಿ ಬರಹಕ್ಕಿಳಿಯಿತೆಂದು ಕಾರ್ಡುಗಳ ಮೇಲೆ ಗುರುತು ಹಾಕಿಡುವುದು ಅವಳ ಕೆಲಸ. ಗಂಡ ನಾಟಕ ಬರೆಯುತ್ತಿದ್ದ. ಮುನ್ನೂರು ವರ್ಷದ ಹಿಂದಿನ ಕೋಟೆ ಕಾವಲುಗಾರನ ಕಥೆ ಬರೆದಾಗ ಪ್ರತಿ ಪುಟವೂ ಅವಳ ಕೆಂಪು ಪೆನ್ಸಿಲ್ ದಾಟಿಯೇ ಹೋಗಬೇಕಿತ್ತು. ಕೊನೆಯ ದೃಶ್ಯದಲ್ಲಿ ಬಾರದ ಗಂಡನ ದಾರಿ ಕಾಯುತ್ತ ಕಾವಲುಗಾರನ ಹೆಂಡತಿ, "ನಂಗೆ ಟೆನ್ಷನ್ ಆಗ್ತಿದೆ" ಅನ್ನುತ್ತಾಳೆ.

"ಆಗೆಲ್ಲಿತ್ತು ಟೆನ್ಷನ್?" ಎಂದು ಅವಳು ಗೀಟು ಎಳೆದಿದ್ದಳು.

"ಪದ ಇರ್ಲಿಲ್ಲ ಮಹರಾಯ್ತಿ, ಟೆನ್ಷನ್ ಇತ್ತು!"

"ಹಾಗಾದ್ರೆ ಅವಳ ಕೈಗೊಂದು ಮೊಬೈಲೂ ಕೊಡು."

ಇಬ್ಬರೂ ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವನು ನಡುರಸ್ತೆಯಲ್ಲಿ ಕುಸಿದುಬಿದ್ದವನು ಏಳಲಿಲ್ಲ.

ಹನ್ನೊಂದು ಗಂಟೆಗೆ ನಾಟಕದ ನಿರ್ದೇಶಕನ ಫೋನು ಬಂತು. "ಅತ್ತಿಗೆ, ಈ ಹೊತ್ತಲ್ಲಿ ಕೇಳಬಾರದು. ನಾಳೇನೇ ಶೋ. ಆ ಟೆನ್ಷನ್ ಇಡ್ಲಾ, ತೆಗೀಲಾ? ಇಟ್ರೆ ಜನ ನಗ್ತಾರೆ. ತೆಗೆದ್ರೆ ಅವನನ್ನೇ ಅಳಿಸಿದ ಹಾಗನ್ಸುತ್ತೆ."

ಬೆಳಿಗ್ಗೆ ಅವನ ಮೇಜಿನಿಂದ ಎತ್ತಿಕೊಂಡು ಬಂದಿದ್ದ ಹಸ್ತಪ್ರತಿಯನ್ನು ಅವಳು ಚೀಲದಿಂದ ತೆಗೆದಳು. ಕೊನೆಯ ಪುಟಕ್ಕೆ ಗುಂಡುಸೂಜಿಯಲ್ಲಿ ಒಂದು ಕಾರ್ಡು ಚುಚ್ಚಿಟ್ಟಿತ್ತು. ಅವಳ ಕಚೇರಿಯದೇ, ಟೆನ್ಷನ್ ಪದದ್ದು. ಮಾತು ಬಿಟ್ಟ ದಿನಗಳಲ್ಲೇ ಅವನು ಒಯ್ದಿರಬೇಕು.

ಕಾವಲುಗಾರನ ಹೆಂಡತಿ ಏನಂದಿದ್ದಾಳು? ಜಗಳದ ಮೂರನೆಯ ದಿನ, ಅವನು ಊಟಕ್ಕೆ ಬಾರದಿದ್ದಾಗ ಸೋತು ಅವಳೇ ಫೋನು ಮಾಡಿದ್ದಳು. ಯಾರೋ ಅಪರಿಚಿತ ಎತ್ತಿ ವಿಷಯ ಹೇಳಿದ್ದ. ಹಗಲಿಡೀ ಪದಗಳ ನಡುವೆ ಬದುಕುವವಳ ಬಾಯಿಂದ ಆಗ ಬಂದದ್ದು ಒಂದೇ ಮಾತು.

"ಬರ್ಕೊಳ್ಳಿ," ಎಂದಳು ನಿರ್ದೇಶಕನಿಗೆ. "'ಊಟ ಆರಿಹೋಯ್ತು. ಬರೋಕೆ ಹೇಳಿ.'"

"ಅಷ್ಟೇನಾ ಅತ್ತಿಗೆ?"

"ಅಷ್ಟೇ."

ಕಾರ್ಡು ಹಿಡಿದು ಕೆಳಗಿನ ಕೋಣೆಗಿಳಿದಳು. ಕಾರ್ಡುಗಳ ಖಾನೆಗಳನ್ನು ಕಾಯುವ ಮುದುಕ ತಡಬಡಿಸಿ ಎದ್ದ.

"ನಾನೇ ಕೊಟ್ಟಿದ್ದಮ್ಮ. ಕೊಡೋ ಹಾಗಿಲ್ಲ, ಗೊತ್ತು. ನಿಮ್ಗೆ ಹೇಳ್ಬೇಡಿ ಅಂತ ನಿಮ್ಮ ಯಜಮಾನ್ರು ಗೋಗರೆದ್ರು."

"ಇನ್ನೇನಂದ್ರು?"

"ಅವಳೇ ಸರಿ ಇರ್ತಾಳೆ, ಆದ್ರೂ ನೋಡೇಬಿಡೋಣ ಅಂದ್ರು."

ಅವಳು ಖಾನೆ ಎಳೆದು, ಕಾರ್ಡನ್ನು ಅದರ ಜಾಗದಲ್ಲಿಟ್ಟಳು. ಗುಂಡುಸೂಜಿಯ ಎರಡು ತೂತುಗಳನ್ನು ಉಗುರಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದಳು.