ನಿಧಾನಣ್ಣನ ಫೋಟೋ

ನಾನು ಫೋಟೋ ತೆಗೆದರೆ ಕತ್ತೆಯೂ ಕುದುರೆಯಾಗಿ ಕಾಣುತ್ತದೆ ಎಂದು ಜನ ಹೇಳುತ್ತಾರೆ. ಇದು ಜಂಬದ ಮಾತಲ್ಲ. ಜಂಬದ್ದೇ ಆದರೂ ಸುಳ್ಳಂತೂ ಅಲ್ಲ. ಮುಖ್ಯರಸ್ತೆಯ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಮೆಟ್ಟಿಲು ಕಡಿದಾಗಿರುವುದರಿಂದ ಬಂದವರಿಗೆಲ್ಲ ಏದುಸಿರು. ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ದೀಪ ಹಾಕುತ್ತೇನೆ. ಈ ಬೀದಿಯಲ್ಲಿ ಮದುವೆಯಾದವರು, ಓದು ಮುಗಿಸಿದವರು, ಅಂಗಡಿ ತೆರೆದವರು, ಹೊಸ ಹಲ್ಲು ಕಟ್ಟಿಸಿಕೊಂಡವರು, ಎಲ್ಲರೂ ನನ್ನ ಮುಂದೆ ಕೂತು ಎದ್ದವರೇ. ಎಲ್ಲರ ಮುಖವೂ ಚೆನ್ನಾಗಿಯೇ ಬಂದಿದೆ, ಒಬ್ಬರದನ್ನು ಬಿಟ್ಟು.

ಅವರು ನನ್ನ ಗಂಡ. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ನಮ್ಮವರು ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವರನ್ನು ಯಾರೂ ಹೆಸರಿಟ್ಟು ಕರೆಯುವುದಿಲ್ಲ, ನಿಧಾನಣ್ಣ ಎನ್ನುತ್ತಾರೆ. ಬಸ್ಸೂ ನಿಧಾನ, ಮಾತೂ ನಿಧಾನ. ಅವರು ತುಟಿ ಎರಡು ಮಾಡುವಷ್ಟರಲ್ಲಿ ನಾನು ಒಂದು ಜಗಳ ಶುರುಮಾಡಿ ಮುಗಿಸಿರುತ್ತೇನೆ. ಮುಖ ನೋಡಲು ಲಕ್ಷಣವಾಗಿಯೇ ಇದೆ, ಇಲ್ಲದಿದ್ದರೆ ನಾನು ಮದುವೆಯಾಗುತ್ತಿದ್ದೆನೇ? ಆದರೆ ಕ್ಯಾಮೆರಾ ಮೇಲೆತ್ತಿದರೆ ಸಾಕು, ಇಂಗು ತಿಂದ ಮಂಗನ ಹಾಗಾಗುತ್ತದೆ. ಕತ್ತು ಸೆಟೆದುಕೊಳ್ಳುತ್ತದೆ, ಕಣ್ಣು ದೊಡ್ಡದಾಗುತ್ತದೆ, ತುಟಿ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತದೆ.

“ರೀ, ಸ್ವಲ್ಪ ನಗ್ರೀ” ಎಂದರೆ, “ನಗ್ತಾನೇ ಇದೀನಲ್ಲ” ಎನ್ನುತ್ತಾರೆ, ತುಟಿ ಅಲುಗಾಡಿಸದೆ.

ಬೇರೆಯವರೂ ಹೀಗೆ ಬಿಗಿಯುವುದುಂಟು. ಅವರಿಗೆ ನನ್ನ ಬಳಿ ಒಂದು ಉಪಾಯವಿತ್ತು. ನನ್ನ ಹಳೆಯ ಕ್ಯಾಮೆರಾದೊಳಗೆ ಒಂದು ಪುಟ್ಟ ಕನ್ನಡಿ ಇತ್ತು. ಗುಂಡಿ ಒತ್ತಿದಾಗಲೆಲ್ಲ ಅದು ಮೇಲಕ್ಕೆ ಎಗರಿ ಕೆಳಕ್ಕೆ ಬೀಳುತ್ತಿತ್ತು. ಆ ಠಕ್ ಎನ್ನುವ ಸದ್ದು ಕಿವಿಗೆ ಬಿದ್ದ ತಕ್ಷಣ, ಸದ್ಯ ಮುಗಿಯಿತು ಎಂದು ಜನ ಉಸಿರು ಬಿಡುತ್ತಿದ್ದರು, ಭುಜ ಇಳಿಸುತ್ತಿದ್ದರು, ಪಕ್ಕದವರನ್ನು ನೋಡಿ ನಗುತ್ತಿದ್ದರು. ನಾನು ನಿಜವಾದ ಫೋಟೋ ತೆಗೆಯುತ್ತಿದ್ದುದು ಆಗ. ಮೊದಲನೆಯದು ಅವರಿಗೆ, ಎರಡನೆಯದು ನನಗೆ. ಹಣ ಕೊಟ್ಟು ಅವರು ಒಯ್ಯುತ್ತಿದ್ದುದು ಯಾವಾಗಲೂ ಎರಡನೆಯದನ್ನೇ.

ನಮ್ಮವರ ಹತ್ತಿರ ಮಾತ್ರ ಈ ಬೇಳೆ ಬೇಯಲಿಲ್ಲ. ಏಕೆಂದರೆ ರಜೆಯ ದಿನಗಳಲ್ಲಿ ನನ್ನ ಚೀಲ ಹೊತ್ತು, ದೀಪ ಹಿಡಿದು, ಮದುವೆ ಮನೆಗಳಿಗೆ ಬರುತ್ತಿದ್ದವರು ಅವರೇ. ಕಳ್ಳನ ಗುಟ್ಟು ಜೊತೆಯಲ್ಲಿದ್ದವನಿಗೆ ಗೊತ್ತಿರದೆ ಇರುತ್ತದೆಯೇ? ಮೊದಲ ಸದ್ದಿಗೆ ಅವರು ಉಸಿರು ಬಿಡುತ್ತಿರಲಿಲ್ಲ. ಎರಡನೆಯದಕ್ಕೂ ಬಿಡುತ್ತಿರಲಿಲ್ಲ. ಕೊನೆಗೆ ನಾನೇ ಸೋತು ಕ್ಯಾಮೆರಾ ಇಳಿಸಿದ ಮೇಲೆ ಆರಾಮಾಗಿ ನಗುತ್ತಿದ್ದರು.

ಇಷ್ಟು ವರ್ಷ ಇದು ಮನೆಯ ತಮಾಷೆಯಾಗಿತ್ತು. ಆದರೆ ಅವರ ನಿವೃತ್ತಿ ಹತ್ತಿರ ಬಂತು. ಡಿಪೋದ ಊಟದ ಹಾಲ್‌ನಲ್ಲಿ ಒಂದು ಗೋಡೆ ಇದೆ. ಒಂದೂ ಅಪಘಾತ ಮಾಡದೆ ಸೇವೆ ಮುಗಿಸಿದವರ ದೊಡ್ಡ ಫೋಟೋಗಳನ್ನು ಅಲ್ಲಿ ಹಾಕುತ್ತಾರೆ. ಬೆರಳೆಣಿಕೆಯ ಜನರಿದ್ದಾರೆ ಅಷ್ಟೇ. ಈ ಸಲ ನಮ್ಮವರದು. ಡಿಪೋ ಮ್ಯಾನೇಜರು ಸ್ಟುಡಿಯೋಗೆ ಫೋನ್ ಮಾಡಿ, “ಶುಕ್ರವಾರದೊಳಗೆ ಒಂದು ಒಳ್ಳೆ ಫೋಟೋ ಕೊಡಿಮ್ಮ. ಇಲ್ದಿದ್ರೆ ಐಡಿ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸ್ತೀವಿ” ಎಂದರು.

ಆ ಐಡಿ ಕಾರ್ಡನ್ನು ನೀವು ನೋಡಬೇಕು. ರಾತ್ರಿ ಪಾಳಿಯ ಪೊಲೀಸರು ಹಿಡಿದು ತಂದವನ ಹಾಗಿದ್ದಾರೆ. ಫೋಟೋಗ್ರಾಫರಮ್ಮನ ಗಂಡನಿಗೆ ಇದೇ ಗತಿಯೇ ಎಂದು ನಾಲ್ಕು ಜನ ಕೇಳಿದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ನನ್ನ ಮಾನದ ಮಾತು ಹಾಗಿರಲಿ. ಬೆಳಕು ಹರಿಯುವ ಮೊದಲೇ ಎದ್ದು, ಓಡಿಬರುವ ಮುದುಕರಿಗಾಗಿ ಬಸ್ಸು ನಿಲ್ಲಿಸಿ, ಬೀದಿಯ ಒಂದು ಬೆಕ್ಕಿಗೂ ಗಾಯ ಮಾಡದ ಮನುಷ್ಯ ಇವರು. ಆ ಗೋಡೆಯ ಮೇಲೆ ಅಪರಾಧಿಯ ಹಾಗೆ ನೇತಾಡುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಸೋಮವಾರ, ಮಂಗಳವಾರ ಎರಡೂ ದಿನ ಅವರನ್ನು ಯೂನಿಫಾರ್ಮ್ ಹಾಕಿಸಿ ಕೂರಿಸಿದೆ. ಬೈದೆ, ಬೇಡಿಕೊಂಡೆ, ಕೀಟಲೆ ಮಾಡಿದೆ. ಠಕ್ ಎಂದಾಗಲೆಲ್ಲ ಅದೇ ಮಂಗ, ಅದೇ ಇಂಗು.

ಬುಧವಾರ ಮಧ್ಯಾಹ್ನ ನಾವು ಕ್ಯಾಮೆರಾ ಅಂಗಡಿಗೆ ಹೋಗುವುದಿತ್ತು. ಅದಕ್ಕೂ ಫೋಟೋಗೂ ಸಂಬಂಧವಿಲ್ಲ, ಅದು ನನ್ನ ಮಣಿಕಟ್ಟಿನ ವಿಷಯ. ಹಳೆಯ ಕ್ಯಾಮೆರಾ ಒಂದು ಕಲ್ಲುಗುಂಡಿನಷ್ಟು ಭಾರ. ಒಂದು ಮದುವೆ ಮುಗಿಸಿ ಬಂದರೆ ಮರುದಿನ ಲೋಟ ಎತ್ತಲೂ ಕೈ ನಡುಗುತ್ತಿತ್ತು. ಕೈಗೆ ಬಿಡುವು ಕೊಡಿ, ಇಲ್ಲವೇ ಹಗುರವಾದದ್ದನ್ನು ಹಿಡಿಯಿರಿ ಎಂದರು ಡಾಕ್ಟರು. ಬಿಡುವು ಎನ್ನುವ ಪದ ನನಗೆ ಆಗಿಬರುವುದಿಲ್ಲ. ಹಾಗಾಗಿ ಹಳೆಯದನ್ನು ಕೊಟ್ಟು, ಮೇಲೊಂದಿಷ್ಟು ಹಾಕಿ, ಕನ್ನಡಿ ಇಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವುದೆಂದು ತೀರ್ಮಾನಿಸಿದ್ದೆ. ನಮ್ಮವರು ಬೆಳಗಿನ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ನೇರವಾಗಿ ಅಂಗಡಿಗೆ ಬಂದರು, ಎಂದಿನಂತೆ ಚೀಲ ಹೊರಲು.

ಅಂಗಡಿಯಲ್ಲಿ ಹಳೆಯ ಕ್ಯಾಮೆರಾಗಳನ್ನು ಪರೀಕ್ಷಿಸುವವಳು ಒಬ್ಬ ಹುಡುಗಿ. ಮಾತಿನಲ್ಲಿ ಮೃದು, ಕೈಯಲ್ಲಿ ಚುರುಕು. ನನ್ನ ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಟಾರ್ಚ್ ಹಾಕಿ, ಮೂಲೆಮೂಲೆಗೂ ಗಾಳಿ ಊದಿ ನೋಡಿದಳು.

“ಆಂಟಿ, ಈ ಹಿಡಿಯ ರಬ್ಬರು ಕಂಪನಿದಲ್ಲ ಅಲ್ವಾ?”

“ಅಲ್ಲ. ಸೈಕಲ್ ಟ್ಯೂಬು. ನಮ್ಮೋರು ಕತ್ತರಿಸಿ ಅಂಟಿಸಿದ್ದು. ಕಂಪನಿದಕ್ಕಿಂತ ಗಟ್ಟಿ” ಎಂದೆ.

ಅವಳು ನಕ್ಕಳು, ಆದರೆ ಅಂಕ ಕಳೆದಳು. ಮೂಲೆಯ ಬಣ್ಣ ಹೋಗಿದೆ, ಹಿಂದಿನ ಗಾಜಿಗೆ ಗೀರು ಬಿದ್ದಿದೆ, ಒಳಗಿನ ಕನ್ನಡಿ ಸುಸ್ತಾಗಿದೆ ಎಂದೆಲ್ಲ ಕಂಪ್ಯೂಟರಿಗೆ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನನಗೂ ಗೊತ್ತು. ಆದರೂ ನನ್ನ ಹೆಗ್ಗಣದ ಮೀಸೆ ಎಳೆದು ನೋಡಿದ ಹಾಗೆ ಸಂಕಟವಾಯಿತು. ಆ ಕಡೆ ನೋಡುವುದೇ ಬೇಡವೆಂದು ಹೊಸ ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಅದಕ್ಕೆ ನನ್ನದೇ ಮೆಮೊರಿ ಕಾರ್ಡ್ ಹಾಕಿದೆ. ಅಂಗಡಿಯಲ್ಲಿ ತೆಗೆದದ್ದನ್ನು ಮನೆಗೆ ಒಯ್ದು ದೊಡ್ಡ ಪರದೆಯಲ್ಲಿ ನೋಡದೆ ನಾನು ಏನನ್ನೂ ನಂಬುವವಳಲ್ಲ.

ಗೋಡೆಯ ಕಡೆ ಹಿಡಿದು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

“ಕೆಟ್ಟಿದೆಯೇನಮ್ಮ ಇದು?”

“ಇಲ್ಲ ಆಂಟಿ, ತೆಗ್ದಾಯ್ತು. ಸದ್ದು ಆಫ್ ಮಾಡಿದೀನಿ. ಕನ್ನಡಿನೇ ಇಲ್ವಲ್ಲ, ಎಗರೋಕೆ ಏನಿದೆ?”

ನಾನು ಮೂಗು ಮುರಿದೆ. ಸದ್ದಿಲ್ಲದ ಕ್ಯಾಮೆರಾ ಉಪ್ಪಿಲ್ಲದ ಅಡುಗೆಯ ಹಾಗೆ ಎಂದು ಹೇಳುವುದರಲ್ಲಿದ್ದೆ. ಆಗಲೇ ಆ ಹುಡುಗಿ ಹಳೆಯದರ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಡೆ ಸರಿಸಿದಳು. ಅಷ್ಟೇ ಸಿಗುತ್ತದೆ ಎಂದು ನನಗೆ ಮೊದಲೇ ಅಂದಾಜಿತ್ತು. ನಮ್ಮವರಿಗೆ ಇರಲಿಲ್ಲ.

ಅವರು ಚೀಟಿ ನೋಡಿದರು. ಸ್ಟೂಲಿನಿಂದ ಎದ್ದು ಕೌಂಟರಿಗೆ ಬಂದರು. ಹಳೆಯ ಕ್ಯಾಮೆರಾದ ಮೇಲೆ ಅಂಗೈ ಇಟ್ಟರು.

“ಒಂದ್ಸಲ ಮದುವೆ ಮನೇಲಿ ಕರೆಂಟ್ ಹೋಯ್ತಮ್ಮ” ಎಂದು ಶುರುಮಾಡಿದರು. “ಇನ್ನೊಬ್ಬ ಫೋಟೋಗ್ರಾಫರ್ ಎಲ್ಲ ಚೀಲಕ್ಕೆ ತುಂಬ್ಕೊಂಡು ಊಟಕ್ಕೆ ಹೋದ. ಇವಳು ಹೊರಗೆ ನಿಂತಿದ್ದ ದಿಬ್ಬಣದ ಬಸ್ಸನ್ನ ಬಾಗಿಲ ಎದುರಿಗೆ ತಿರುಗ್ಸಿ, ಹೆಡ್‌ಲೈಟ್ ಹಾಕ್ಸಿ, ಆ ಬೆಳಕಲ್ಲಿ ತೆಗೆದ್ಲು. ಆ ಮನೆಯವರು ಈಗ್ಲೂ ಅದನ್ನೇ ಹಾಲ್ ಗೋಡೇಲಿ ಹಾಕ್ಕೊಂಡಿದಾರೆ. ನಾನೇ ನೋಡಿದೀನಿ, ನನ್ನ ರೂಟಲ್ಲೇ ಅವರ ಮನೆ.”

ಇವರ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದು ನಮ್ಮ ಮದುವೆಯಾದ ಮೇಲೆ ನಾನು ಕೇಳಿರಲಿಲ್ಲ. ನನ್ನ ಫೋಟೋ ತೋರಿಸಿದರೆ ಅವರು ಹೇಳುತ್ತಿದ್ದುದು ಒಂದೇ ಪದ, “ಚೆನ್ನಾಗಿದೆ.” ಸಾರು ಬಡಿಸಿದರೂ ಅದೇ ಪದ, ಹೊಸ ಚಪ್ಪಲಿ ತೋರಿಸಿದರೂ ಅದೇ.

“ಇನ್ನೊಂದ್ಸಲ ಇವಳ ಕಾಲಿಗೆ ಪ್ಲಾಸ್ಟರ್ ಹಾಕಿದ್ರು. ಫೋಟೋಗೆ ಕರೆದವರಿಗೆ ಬರಲ್ಲ ಅಂತ ಹೇಳು ಅಂದೆ. ಅವರ ಮನೆ ಅಜ್ಜಿ ಮುಂದಿನ ವರ್ಷ ಇರ್ತಾರೋ ಇಲ್ವೋ ಅಂದ್ಲು. ನಾನು ಸೊಂಟ ಹಿಡ್ಕೊಂಡಿದ್ದೆ, ಇವಳು ಒಂದೇ ಕಾಲಲ್ಲಿ ಸ್ಟೂಲ್ ಮೇಲೆ ನಿಂತು ಇಡೀ ಮನೆಯವರನ್ನ ತೆಗೆದ್ಲು. ಒಬ್ಬರೂ ಕಣ್ಣು ಮುಚ್ಚಿಲ್ಲ ಅದ್ರಲ್ಲಿ, ಮಕ್ಕಳೂ ಸೇರಿ. ಅಜ್ಜಿ ಅದೇ ವರ್ಷ ಹೋದ್ರು.”

ಹೇಳುತ್ತಾ ಹೇಳುತ್ತಾ ಅವರ ಕತ್ತು ಸಡಿಲಾಯಿತು. ಹುಬ್ಬು ಮೇಲೇರಿತು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಆ ಮುಖವನ್ನು ನಾನು ಮನೆಯಲ್ಲೂ ಕಂಡಿರಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಮಗಳನ್ನು ತೋರಿಸುವ ತಂದೆಯ ಮುಖದಂತಿತ್ತು ಅದು. ನನ್ನ ಎದೆ ತುಂಬಿ ಬಂತು. ಆದರೆ ಕಸುಬು ಎನ್ನುವುದು ಎದೆಗಿಂತ ಮುಂದೆ ಓಡುತ್ತದೆ. ಹೊಸ ಕ್ಯಾಮೆರಾ ಕೈಯಲ್ಲೇ ಇತ್ತು. ಮೆಲ್ಲಗೆ ಎತ್ತಿದೆ. ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ, ಮತ್ತೆ. ಅವರು ತಿರುಗಿಯೂ ನೋಡಲಿಲ್ಲ.

ಹುಡುಗಿ ಪಾಪ ತಲೆ ತಗ್ಗಿಸಿದಳು. “ಅಂಕಲ್, ರೇಟು ನಾನು ಹಾಕೋದಲ್ಲ, ಕಂಪ್ಯೂಟರ್ ಹಾಕತ್ತೆ. ಜಾಸ್ತಿ ಮಾಡೋಕೆ ನನ್ನ ಕೈಲಿಲ್ಲ.”

“ಜಾಸ್ತಿ ಮಾಡು ಅಂತ ಹೇಳ್ಲಿಲ್ಲಮ್ಮ” ಎಂದರು ನಮ್ಮವರು. “ಏನನ್ನ ತಗೊಳ್ತಿದೀಯ ಅಂತ ಗೊತ್ತಿರ್ಲಿ ಅಂತ ಹೇಳ್ದೆ.”

ಹೊಸದನ್ನು ಕೊಂಡೆವು. ಹಳೆಯದನ್ನು ಹುಡುಗಿ ಎರಡು ಕೈಯಲ್ಲಿ ಎತ್ತಿ ಒಳಗೆ ಒಯ್ದಳು. ನಾನು ಅಳಲಿಲ್ಲ. ಅಷ್ಟು ಕೆಲಸ ಮಾಡಿದ ಕ್ಯಾಮೆರಾವನ್ನು ತಲೆಯೆತ್ತಿ ಕಳಿಸಬೇಕು, ಕಣ್ಣೊರೆಸಿಕೊಂಡು ಅಲ್ಲ.

ಸ್ಟುಡಿಯೋಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ನಮ್ಮವರದು ತೆಗೆದದ್ದರಲ್ಲಿ ಮೂರನೆಯದು. ಯೂನಿಫಾರ್ಮಿನ ಕಾಲರು ಸ್ವಲ್ಪ ಓರೆ, ಹಿಂದೆ ಅಂಗಡಿಯ ಗಾಜಿನ ಕಪಾಟು ಮಸುಕಾಗಿ ಕಾಣುತ್ತಿತ್ತು. ಮುಖ ಮಾತ್ರ ಬೆಳಗುತ್ತಿತ್ತು. ನನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ಫೋಟೋ ತೆಗೆದಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಕಾಲರನ್ನು ಕೂಡ ಸರಿಮಾಡಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶುಕ್ರವಾರ ಬೆಳಿಗ್ಗೆ ನಾನೇ ಡಿಪೋಗೆ ಕೊಟ್ಟು ಬಂದೆ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಅವರೂ ಕೇಳಲಿಲ್ಲ. ಐಡಿ ಕಾರ್ಡಿನದ್ದೇ ಗತಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದರು.

ನಿವೃತ್ತಿಯ ದಿನ ಊಟದ ಹಾಲ್ ಜನರಿಂದ ತುಂಬಿತ್ತು. ಡ್ರೈವರುಗಳು, ಕಂಡಕ್ಟರುಗಳು, ಗ್ಯಾರೇಜಿನವರು, ಅವರ ಮನೆಯವರು. ಫೋಟೋ ತೆಗೆಯುವ ಕೆಲಸ ನನ್ನದೇ, ಇನ್ನಾರಿಗೆ ಬಿಟ್ಟೇನು? ಹೊಸ ಕ್ಯಾಮೆರಾ ಹಿಡಿದು ಬಾಗಿಲ ಪಕ್ಕ ನಿಂತೆ. ಮ್ಯಾನೇಜರು ಗೋಡೆಯ ಮೇಲಿನ ಬಟ್ಟೆ ಸರಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ನಿಧಾನಣ್ಣ ಇಷ್ಟು ಚೆನ್ನಾಗಿದ್ದಾರೆ ಎಂದು ಅವರಲ್ಲಿ ಅರ್ಧ ಜನಕ್ಕೆ ಅವತ್ತೇ ಗೊತ್ತಾದದ್ದು.

“ನೋಡಿ ಈ ಮುಖ” ಎಂದರು ಮ್ಯಾನೇಜರು. “ಇಷ್ಟು ವರ್ಷ ಬಸ್ಸು ಓಡಿಸಿದ ಹೆಮ್ಮೆ ಹೇಗೆ ಎದ್ದು ಕಾಣ್ತಿದೆ ನೋಡಿ. ಸೇವೆ ಅಂದ್ರೆ ಹೀಗಿರ್ಬೇಕು.”

ನಮ್ಮವರು ಮಾತ್ರ ಫೋಟೋದ ಹತ್ತಿರ ಹೋಗಿ, ಮುಖವನ್ನಲ್ಲ, ಹಿಂದಿನ ಕಪಾಟನ್ನು ಬಗ್ಗಿ ನೋಡುತ್ತಿದ್ದರು. ಅವರ ಕೈಗೆ ಮೈಕು ಕೊಟ್ಟರು. ಇವರು ಧನ್ಯವಾದ ಎಂದು ಹೇಳಿ ಕೂರುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ.

“ಇದು ಕ್ಯಾಮೆರಾ ಅಂಗಡೀಲಿ ತೆಗೆದಿದ್ದು” ಎಂದರು. “ನನಗೆ ಈಗ್ಲೇ ಗೊತ್ತಾಗಿದ್ದು. ಸಾಹೇಬ್ರು ಸರ್ವಿಸಿನ ಹೆಮ್ಮೆ ಅಂದ್ರು. ಅದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಆವತ್ತು ನಾನು ಬಸ್ಸಿನ ವಿಷಯ ಮಾತಾಡ್ತಿರ್ಲಿಲ್ಲ. ಅಗೋ, ಬಾಗಿಲ ಹತ್ರ ನಿಂತಿದಾಳಲ್ಲ, ಅವಳ ವಿಷಯ ಮಾತಾಡ್ತಿದ್ದೆ.”

ಇಡೀ ಹಾಲ್ ನನ್ನ ಕಡೆ ತಿರುಗಿತು. ನಾನು ಕ್ಯಾಮೆರಾವನ್ನು ಮುಖಕ್ಕೆ ಒತ್ತಿಕೊಂಡೆ. ನಾಚಿಕೆಯಿಂದ ಮುಖ ಮುಚ್ಚಿಕೊಂಡಳು ಎಂದು ಅವರೆಲ್ಲ ತಿಳಿದಿರಬೇಕು, ಸದ್ದು ಯಾರಿಗೂ ಕೇಳಿಸಲಿಲ್ಲವಲ್ಲ. ನಾನು ಕೆಲಸ ಮಾಡುತ್ತಿದ್ದೆ. ನನ್ನ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಆದರೂ ಒತ್ತುತ್ತಲೇ ಇದ್ದೆ. ಮನೆಗೆ ಬಂದು ನೋಡಿದರೆ ಒಂದೂ ಅಲುಗಾಡಿಲ್ಲ. ಮೈಕು ಹಿಡಿದು ನಿಂತಿದ್ದಾರೆ, ಎದುರಿಗೆ ಕ್ಯಾಮೆರಾ ಇದೆ ಎಂದು ಚೆನ್ನಾಗಿ ಗೊತ್ತಿದ್ದೂ ನೇರವಾಗಿ ಅದರೊಳಕ್ಕೇ ನೋಡಿ ನಗುತ್ತಿದ್ದಾರೆ.